ಬಲೂನು ಅಂಗಡಿಯ ಏರ್‌ಗನ್, ಮಂದ್‌ನ ಕೋವಿ: ಆಟ ಒಂದೇ, ಯಜಮಾನರು ಬೇರೆ?

ಮಂದ್‌ಪಕ್ಕ (ಪ್ರಶ್ನೆ)

ದಸರಾ ಬಂತೆಂದರೆ ಮಡಿಕೇರಿಯಲ್ಲೂ ಗೋಣಿಕೊಪ್ಪದಲ್ಲೂ ಬಲೂನಿಗೆ ಗುಂಡು ಹೊಡೆಯುವ ಅಂಗಡಿ ಹಾಜರ್. ಕುಶಾಲನಗರದ ಗಣಪತಿ ಜಾತ್ರೆಯಲ್ಲೂ ಅದೇ ಅಂಗಡಿ, ಅದೇ ಬಣ್ಣದ ಬಲ್ಬು. ಆದರೆ ಕೊಡಗು ಅಂದರೆ ಕೋವಿಯ ಜಿಲ್ಲೆ. ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಮುಗಿಸಿ ಮಂದ್‌ನಲ್ಲಿ (ಊರವರು ಸೇರುವ ಮೈದಾನ) ನಿಜವಾದ ಕೋವಿಯಲ್ಲಿ ತೆಂಗಿನಕಾಯಿ ಒಡೆದ ಊರಲ್ಲೇ, ತಿಂಗಳು ಕಳೆದ ಮೇಲೆ ನಾಲ್ಕು ಮೀಟರ್ ದೂರದ ಬಲೂನಿಗೆ ಜನ ಸಾಲು ನಿಲ್ಲುತ್ತಾರೆ.

ಕಾಲೇಜಿನ ಕನ್ನಡ ಸಂಘದ ಚರ್ಚೆಗೆ ‘ಜಾತ್ರೆಯ ಆಟದಲ್ಲಿ ಸಮಾಜ ಮತ್ತು ಅಧಿಕಾರ’ ಅಂತ ವಿಷಯ ಇಟ್ಟಾಗಿದೆ. ಇಂಥ ವಿಷಯಕ್ಕೆ ಗಾಳಿಯಲ್ಲಿ ಮಾತಾಡುವವರು ಬೇಕಾದಷ್ಟು ಸಿಗುತ್ತಾರೆ. ಅಳತೆ ಹೇಳುವವರು ಬೇಕು. ಕೇಳಬೇಕಾದ್ದು ಇಷ್ಟು: ಅಂಗಡಿಯ ಏರ್‌ಗನ್ನಿನ ಗುರಿಕಡ್ಡಿ (ಗುರಿ ನೋಡುವ ಕಡ್ಡಿ) ನಿಜವಾಗಿ ಬಗ್ಗಿಸಿರುತ್ತಾರಾ? ತೆಂಗಿನಕಾಯಿ ಸ್ಪರ್ಧೆಯಲ್ಲಿ ಗೆಲ್ಲುವುದು ಗುರಿಯೋ ಅದೃಷ್ಟವೋ? ದಾಳ ಉರುಳಿಸುವವನನ್ನು ಪೊಲೀಸರು ಎಬ್ಬಿಸಿ ಕಳಿಸುತ್ತಾರೆ, ಪಕ್ಕದ ರಿಂಗ್ ಅಂಗಡಿಯವನನ್ನು ಕೇಳುವುದೇ ಇಲ್ಲ, ಯಾಕೆ? ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಯಾರಿಗೆ ಉಂಟು, ಯಾರಿಗೆ ಇಲ್ಲ?

ಹಳೇ ಸ್ಪ್ರಿಂಗ್

ಮೊದಲನೆಯದಕ್ಕೆ ಉತ್ತರ: ಬಲೂನಿನ ಮಟ್ಟಿಗೆ ‘ಬಗ್ಗಿಸಿದ ಗುರಿಕಡ್ಡಿ’ ಮುಕ್ಕಾಲು ಪಾಲು ಸೋತವರ ಸಮಾಧಾನ.

ಲೆಕ್ಕ ಹಾಕಿ. ಸಾಮಾನ್ಯ ಏರ್‌ಗನ್ನಿನಲ್ಲಿ ಹಿಂದಿನ ಗುರಿಕಡ್ಡಿಗೂ ಮುಂದಿನದಕ್ಕೂ ಸುಮಾರು 40 ಸೆಂಟಿಮೀಟರ್ ಅಂತರ. ಮುಂದಿನ ಕಡ್ಡಿ 1 ಮಿಲಿಮೀಟರ್ ಸರಿದರೆ 4 ಮೀಟರ್ ದೂರದಲ್ಲಿ ಪೆಲೆಟ್ (ಸೀಸದ ಸಣ್ಣ ಗುಂಡು) 1 ಸೆಂಟಿಮೀಟರ್ ಸರಿಯುತ್ತದೆ, ಅಷ್ಟೇ. ಬಲೂನಿನ ಅಡ್ಡಳತೆ 12 ಸೆಂಟಿಮೀಟರ್ ಅಂದುಕೊಳ್ಳಿ. ನಡುವಿಗೆ ಗುರಿ ಇಟ್ಟವನು ತಪ್ಪಬೇಕಾದರೆ ಕಡ್ಡಿ 6 ಮಿಲಿಮೀಟರ್ ವಾಲಬೇಕು. ಅಷ್ಟು ವಾಲಿದ್ದು ಕನ್ನಡಕ ಇಲ್ಲದೆಯೂ ಕಾಣುತ್ತದೆ. ಆದರೆ ಅದೇ ಅಂಗಡಿಯಲ್ಲಿ ಸೀಮೆಸುಣ್ಣದ ತುಂಡು, ದಾರಕ್ಕೆ ಕಟ್ಟಿದ ನಾಣ್ಯ, ಸೋಡಾ ಮುಚ್ಚಳ ಇಟ್ಟಿರುತ್ತಾರೆ, ದೊಡ್ಡ ಬಹುಮಾನವೂ ಅದಕ್ಕೇ. ಅಲ್ಲಿ ಒಂದೆರಡು ಮಿಲಿಮೀಟರ್ ಸಾಕು ಮುಗಿಸಲು.

ಬಲೂನು ತಪ್ಪುವುದಕ್ಕೆ ನಿಜವಾದ ಕಾರಣಗಳು ಬೇರೆ. ಈ ಕೋವಿಗಳೆಲ್ಲ ನಳಿಕೆ ಮುರಿದು (ಅಂದರೆ ಕೀಲಿನಲ್ಲಿ ಮಡಚಿ) ಸ್ಪ್ರಿಂಗ್ ಬಿಗಿಯುವ ಜಾತಿಯವು. ದಿನಕ್ಕೆ ನೂರಾರು ಸಲ ಮುರಿದು ಮುಚ್ಚಿದ ಕೀಲು ಸಡಿಲವಾಗಿ, ನಳಿಕೆ ತುಸು ಕೆಳಗೆ ಜೋಲುತ್ತದೆ. ಗುರಿ ಕಾಣುವುದು ನೇರ, ಪೆಲೆಟ್ ಹೋಗುವುದು ಕೆಳಗೆ. ಒಳಗಿನ ಪಿಸ್ಟನ್ನಿನ ಚರ್ಮದ ವಾಷರ್ ಒಣಗಿದರೆ ಗಾಳಿ ಸೋರಿ ವೇಗ ಬೀಳುತ್ತದೆ. ಅದಕ್ಕೆ ಎರಡು ಹನಿ ಎಣ್ಣೆ ಸಾಕು, ಯಾರೂ ಬಿಡುವುದಿಲ್ಲ. ಟ್ರಿಗರ್ ಕಲ್ಲಿನ ಹಾಗೆ ಗಟ್ಟಿ. ಎಳೆಯುವ ಭರಕ್ಕೆ ಬಲಗೈಯವರ ನಳಿಕೆ ಬದಿಗೆ ಸರಿದಿರುತ್ತದೆ. ಪೆಲೆಟ್ಟುಗಳು ತೆರೆದ ಡಬ್ಬಿಯಲ್ಲಿ ಒಂದಕ್ಕೊಂದು ಉಜ್ಜಿ, ಹಿಂಬದಿಯ ಲಂಗದಂಥ ಅಂಚು ಸೊಟ್ಟಗಾಗಿರುತ್ತದೆ. ಅರ್ಧ ಗ್ರಾಂ ತೂಕದ ಸೀಸ, ಉಗುರು ಒತ್ತಿದರೂ ಆಕಾರ ಕೆಡುತ್ತದೆ.

ಎಲ್ಲಕ್ಕಿಂತ ಜಾಣತನ ಇರುವುದು ಬಲೂನಿನಲ್ಲೇ. ಬಿಗಿಯಾಗಿ ಊದಿದ ಬಲೂನಿಗೆ ತೂತು ಬಿದ್ದರೆ ಬಿರುಕು ತಾನೇ ಓಡಿ ‘ಫಟ್’ ಅನ್ನುತ್ತದೆ. ಅರೆಬರೆ ಊದಿದ್ದಕ್ಕೆ, ಬೆಳಗ್ಗೆ ಊದಿ ಸಂಜೆಗೆ ಸಡಿಲಾದದ್ದಕ್ಕೆ, ತೂತು ಬಿದ್ದರೂ ಬಿರುಕು ಓಡುವುದಿಲ್ಲ. ಸುಯ್ ಅಂತ ಗಾಳಿ ಇಳಿಯುತ್ತದೆ. ಪೆಲೆಟ್ ತಾಗಿದೆ, ಸದ್ದಾಗಿಲ್ಲ. ‘ಒಡೆಯಲಿಲ್ಲ, ಲೆಕ್ಕಕ್ಕಿಲ್ಲ’ ಅಂತ ತೀರ್ಪು ಕೊಡುವವನು ಯಾರು? ಪೆಲೆಟ್ ತುಂಬಿ ಕೋವಿ ಕೈಗೆ ಕೊಟ್ಟವನೇ. ಆಡುವವನು ಪೆಲೆಟ್ ಆರಿಸಲಿಲ್ಲ, ಗುರಿಕಡ್ಡಿ ತಿರುಗಿಸಲಿಲ್ಲ, ನಿಯಮ ಓದಲಿಲ್ಲ. ಟ್ರಿಗರ್ ಒಂದು ಅವನದು. ಅಧಿಕಾರದ ಬಗ್ಗೆ ಚರ್ಚೆ ಬೇಕಿದ್ದರೆ ಇಲ್ಲಿಂದ ಶುರು ಮಾಡಿ.

ಆಡುವವರಿಗೆ: ಕೆಳಸಾಲಿನ ದೊಡ್ಡ, ಮಿರಮಿರ ಮಿಂಚುವ ಬಲೂನಿನಿಂದ ಆರಂಭಿಸಿ. ತಪ್ಪಿದರೆ ಹಿಂದಿನ ಬಟ್ಟೆ ಎಲ್ಲಿ ಅಲ್ಲಾಡಿತು ನೋಡಿ, ಅಷ್ಟೇ ದೂರ ಎದುರು ಬದಿಗೆ ಗುರಿ ಇಡಿ. ಅಂಗಡಿ ಇಡುವವರಿಗೆ: ಹಿಂದೆ ಪ್ಲೈವುಡ್ಡೋ ತಗಡೋ ಬೇಡ, 4 ಮೀಟರಿನಿಂದ ಪೆಲೆಟ್ ವಾಪಸ್ ಪುಟಿದು ಕಣ್ಣಿಗೆ ಬರುತ್ತದೆ. ಸಡಿಲವಾಗಿ ಇಳಿಬಿಟ್ಟ ಹಲವು ಪದರ ದಪ್ಪ ಗೋಣಿ ಹಾಕಿ, ಪೆಲೆಟ್ ಅಲ್ಲೇ ಸುಸ್ತಾಗಿ ಬೀಳುತ್ತದೆ. ಬಿಗಿದು ಕಟ್ಟಿದರೆ ಗೋಣಿಯೂ ಹಲಗೆಯೇ.

ಲೆಕ್ಕದ ಮೇಷ್ಟ್ರು

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಕೋವಿ ಚಿನ್ನದಂಥದ್ದಿದ್ದರೂ ಅಂಗಡಿಯವನು ಗೆಲ್ಲುತ್ತಾನೆ. ಅವನ ಆಯುಧ ‘ಹತ್ತಕ್ಕೆ ಹತ್ತು’ (ಹತ್ತೂ ಹೊಡೆದರೆ ಬಹುಮಾನ) ಎಂಬ ಬೋರ್ಡು.

ಹತ್ತರಲ್ಲಿ ಎಂಟು ಹೊಡೆಯುವ ಕೈ ಅಂದರೆ ಕೆಟ್ಟ ಕೈಯಲ್ಲ. ಆ ಕೈಗೆ ಹತ್ತೂ ಬೀಳುವ ಸಾಧ್ಯತೆ 0.8ರ ಹತ್ತನೇ ಘಾತ: ಶೇ 11ಕ್ಕಿಂತ ಕಡಿಮೆ. ಹತ್ತರಲ್ಲಿ ಒಂಬತ್ತು ಹೊಡೆಯುವ ಒಳ್ಳೇ ಗುರಿಕಾರನಿಗೂ ಶೇ 35. ಇನ್ನೂ ಒಂದು ಸ್ವಾರಸ್ಯ ಇದೆ: ಆ ಒಳ್ಳೇ ಗುರಿಕಾರ ಸರಿಯಾಗಿ ಒಂಬತ್ತಕ್ಕೆ ನಿಲ್ಲುವ ಸಾಧ್ಯತೆ ಶೇ 39. ಅಂದರೆ ಗೆಲ್ಲುವುದಕ್ಕಿಂತ ‘ಒಂದರಲ್ಲಿ ಹೋಯ್ತಲ್ಲ’ ಅನ್ನುವುದೇ ಹೆಚ್ಚು. ಒಂಬತ್ತು ಹೊಡೆದವನು ಸೋತೆ ಅಂದುಕೊಳ್ಳುವುದಿಲ್ಲ, ಇನ್ನೊಂದು 50 ರೂಪಾಯಿ ತೆಗೆಯುತ್ತಾನೆ.

ರಿಂಗ್ ಅಂಗಡಿಯದು ಬರೀ ರೇಖಾಗಣಿತ. ಸಾಬೂನು, ಗಡಿಯಾರ, ಮಡಚಿದ ನೋಟು ಯಾವುದಾದರೂ ಇರಲಿ, ಅದು ಕೂತಿರುವುದು ಚೌಕ ಮರದ ತುಂಡಿನ ಮೇಲೆ. ರಿಂಗು ತುಂಡನ್ನು ಪೂರ್ತಿ ಸುತ್ತಿ ನೆಲಕ್ಕೆ ಕೂರಬೇಕು ಎಂಬುದು ನಿಯಮ. ತುಂಡು 8 ಸೆಂಟಿಮೀಟರ್ ಚೌಕ ಅಂದುಕೊಳ್ಳಿ. ಕಣ್ಣಿಗೆ 8 ಕಾಣುತ್ತದೆ, ಆದರೆ ಮೂಲೆಯಿಂದ ಮೂಲೆಗೆ 11.3. ರಿಂಗಿನ ಒಳ ಅಳತೆ 12. ಉಳಿದ ಜಾಗ ಒಂದೊಂದು ಬದಿಗೆ 3.5 ಮಿಲಿಮೀಟರ್. ರಿಂಗು ಆ ಮೂಲೆಗಳ ದಿಕ್ಕಿಗೇ 20 ಡಿಗ್ರಿ ವಾಲಿ ಬಂದರೆ ಅದರ 12 ಸೆಂಟಿಮೀಟರ್ ಕುಗ್ಗಿ 11.28 ಆಗುತ್ತದೆ. ಅಲ್ಲಿಗೆ ಕತೆ ಮುಗಿಯಿತು, ಒಂದು ಮೂಲೆಗೆ ತಗುಲಿ ಹಾರಲೇಬೇಕು. ಹಗ್ಗದ ಆಚೆ ನಿಂತು ಎಸೆದವನ ರಿಂಗು 20 ಡಿಗ್ರಿಗಿಂತ ಚಪ್ಪಟೆಯಾಗಿ ಇಳಿಯುವುದು ಅಪರೂಪ. ಅಂಗಡಿಯವನು ಮಾತ್ರ ತೋರಿಸಿಕೊಡುವಾಗ ಮೇಲಿನಿಂದ ಬಗ್ಗಿ ಇಳಿಸುತ್ತಾನೆ: ‘ನೋಡಿ ಸಾರ್, ಆರಾಮಾಗಿ ಹೋಗುತ್ತೆ.’ ಸುಳ್ಳೇನೂ ಹೇಳಲಿಲ್ಲ.

ಇನ್ನು ದಾಳದವನು. ಆರು ಚಿತ್ರದ ಹಾಸು, ಮೂರು ದಾಳ. ದುಡ್ಡು ಇಟ್ಟ ಚಿತ್ರ ಒಂದು ದಾಳದಲ್ಲಿ ಬಂದರೆ ಒಂದರಷ್ಟು ಗೆಲುವು, ಎರಡರಲ್ಲಿ ಬಂದರೆ ಎರಡರಷ್ಟು, ಮೂರರಲ್ಲೂ ಬಂದರೆ ಮೂರರಷ್ಟು. ಒಟ್ಟು 216 ಬಗೆ: 125ರಲ್ಲಿ ಸೋಲು, 75ರಲ್ಲಿ ಒಂದರಷ್ಟು, 15ರಲ್ಲಿ ಎರಡರಷ್ಟು, 1ರಲ್ಲಿ ಮೂರರಷ್ಟು. ಕೂಡಿ ಕಳೆದರೆ ಆಡುವವನಿಗೆ ನಷ್ಟ 216ಕ್ಕೆ 17, ಅಂದರೆ ನೂರು ರೂಪಾಯಿಗೆ 8ಕ್ಕೂ ತುಸು ಕಡಿಮೆ. ದಾಳ ಕೊರೆದಿಲ್ಲ ಅಂದರೆ ಮೂರು ಅಂಗಡಿಗಳಲ್ಲಿ ಜೇಬಿಗೆ ಕಡಿಮೆ ಕತ್ತರಿ ಇವನದೇ ಇರಬಹುದು. ಓಡಬೇಕಾದವನೂ ಇವನೇ. ಯಾಕೆ ಅಂತ ವಕೀಲರು ಹೇಳಲಿ.

ಕಟ್ಟೆ ವಕೀಲ

ಹೇಳುತ್ತೇನೆ. ಕಾನೂನು ನೋಡುವುದು ಎಷ್ಟು ದುಡ್ಡು ಹೋಯಿತು ಅಂತಲ್ಲ, ಹೇಗೆ ಹೋಯಿತು ಅಂತ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 176ನೇ ಕಲಂ ಕೌಶಲದ ಆಟಗಳನ್ನು ಜೂಜಿನ ಕಲಂಗಳಿಂದ ಹೊರಗಿಡುತ್ತದೆ. ಗಣನೀಯ ಕೌಶಲ ಬೇಕಾದ ಸ್ಪರ್ಧೆ ಜೂಜಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ರಿಂಗು ಎಸೆಯುವುದಕ್ಕೆ ಕೈ ಬೇಕು, ಗುರಿ ಇಡುವುದಕ್ಕೆ ಕಣ್ಣು ಬೇಕು. ದಾಳ ಉರುಳಿಸುವುದಕ್ಕೆ ಏನೂ ಬೇಡ. 3.5 ಮಿಲಿಮೀಟರ್ ಸಂದಿಯಲ್ಲಿ ಎಷ್ಟು ಕೌಶಲ ತೂರುತ್ತದೆ ಅಂತ ಸ್ಕೇಲು ಹಿಡಿದು ಅಳೆಯುವವರು ಜಾತ್ರೆಯಲ್ಲಿ ಇರುವುದಿಲ್ಲ. ದಾಳ ಕಂಡರೆ ಜುಗಾರಿ, ರಿಂಗ್ ಕಂಡರೆ ಮಕ್ಕಳ ಆಟ. ವ್ಯವಸ್ಥೆಯ ಕಣ್ಣು ಆಕಾರಕ್ಕೆ ಒಗ್ಗಿದೆ.

ಈಗ ಕೋವಿ. ಇಲ್ಲಿ ತಪ್ಪು ತಿಳಿವಳಿಕೆ ಬಹಳ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡರು. 1857ರ ನಂತರ ದೇಶದ ಉದ್ದಕ್ಕೂ ಕಾಯ್ದೆ ಮಾಡಿ ಜನರ ಆಯುಧ ಕಿತ್ತುಕೊಳ್ಳುವಾಗ, 1861ರಲ್ಲಿ ಮೈಸೂರು ಮತ್ತು ಕೊಡಗಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಪ್ರಕಟಣೆಯಿಂದ ಕೊಡಗಿನವರಿಗೆ ಆ ಕಾಯ್ದೆ ಅನ್ವಯಿಸಲಿಲ್ಲ. ಸ್ವಾತಂತ್ರ್ಯದ ಮೇಲೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂತು. 1963ರ ಕೇಂದ್ರದ ಅಧಿಸೂಚನೆ ಎರಡು ಗುಂಪಿಗೆ ವಿನಾಯಿತಿ ಕೊಟ್ಟಿತು: ಕೊಡವರು ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರು. 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಲಾಗಿದೆ. ಜಾತಿ ಮತ್ತು ಭೂಮಿಯ ಆಧಾರದಲ್ಲಿ ಇದು ತಾರತಮ್ಯ ಎಂದು ಹೈಕೋರ್ಟಿಗೆ ಅರ್ಜಿ ಹೋಯಿತು. 2021ರಲ್ಲಿ ಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು.

‘ಜಮ್ಮಾ’ ಎಂಬುದನ್ನು ಗಮನಿಸಿ. ರಾಜರ ಕಾಲದಲ್ಲಿ ಸೈನ್ಯದ ಚಾಕರಿಗೆ ಬದಲಾಗಿ ಕಡಿಮೆ ಕಂದಾಯಕ್ಕೆ ಕೊಟ್ಟ ವಂಶಪಾರಂಪರ್ಯದ ಭೂಮಿ ಅದು. ಕೊಡವರಲ್ಲದ ಜಮ್ಮಾದವರಿಗೂ ವಿನಾಯಿತಿ ಇದೆ. ಜಮ್ಮಾ ಇಲ್ಲದ ತೋಟದ ಕಾರ್ಮಿಕ, ಸಂತೆ ವ್ಯಾಪಾರಿ, ಹೊರಗಿನಿಂದ ಬಂದು ನೆಲೆಸಿದವರು ರಾಜ್ಯದ ಬೇರೆ ಕಡೆಯವರ ಹಾಗೆ ಪರವಾನಗಿಗೆ ಅರ್ಜಿ ಹಾಕಬೇಕು. ಅಂದರೆ ಯಾರ ಹೆಗಲಿಗೆ ಕೋವಿ ಎಂಬುದನ್ನು ಹಳೆಯ ಕಂದಾಯ ಕಡತ ಇವತ್ತಿಗೂ ಒಂದಷ್ಟು ತೀರ್ಮಾನಿಸುತ್ತಿದೆ. ಬಲೂನು ಅಂಗಡಿಯ ಏರ್‌ಗನ್ನಿಗೆ ಆ ಕಡತ ಬೇಡ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆ ಪಾಯಿಂಟ್ 177 ಇಂಚು ಮೀರದ, ಹೊಡೆತದ ಶಕ್ತಿ 20 ಜೂಲ್ ದಾಟದ ಏರ್‌ಗನ್ನಿಗೆ ಪರವಾನಗಿಯೇ ಬೇಕಿಲ್ಲ. ದುಡ್ಡು ಕೊಟ್ಟರೆ ಯಾರ ಹೆಗಲಾದರೂ ಸರಿ. ಪ್ರಶ್ನೆ ಕೇಳಿದವರು ‘ಕೋವಿಯ ಜಿಲ್ಲೆಯಲ್ಲಿ ಈ ಸಾಲು ಯಾಕೆ’ ಅಂದರಲ್ಲ, ಸಾಲಿನಲ್ಲಿ ಯಾರ್ಯಾರು ನಿಂತಿದ್ದಾರೆ ಅಂತ ಒಮ್ಮೆ ನೋಡಲಿ.

ವಿನಾಯಿತಿ ಇದ್ದವರಿಗೂ ಒಂದು ಎಚ್ಚರಿಕೆ. ಅದು ಇಟ್ಟುಕೊಳ್ಳುವುದಕ್ಕೆ ಮತ್ತು ಒಯ್ಯುವುದಕ್ಕೆ, ಹೇಗೆ ಬೇಕಾದರೂ ಹಾರಿಸುವುದಕ್ಕಲ್ಲ. 2019ರ ತಿದ್ದುಪಡಿಯಂತೆ ಮದುವೆ, ಹಬ್ಬ, ಸಭೆಗಳಲ್ಲಿ ಜೀವಕ್ಕೆ ಅಪಾಯವಾಗುವ ಹಾಗೆ ಬೇಕಾಬಿಟ್ಟಿ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ದಿಬ್ಬದ ಈಚೆ

ತೆಂಗಿನಕಾಯಿಯ ವಿಷಯ ಬಾಕಿ ಇದೆ. ಗುರಿಯೋ ಅದೃಷ್ಟವೋ ಎಂಬುದು ಯಾವ ಕೋವಿ, ಯಾವ ತೋಟೆ (ಕಾಫಿ ತೋಟ ಅಲ್ಲ, ಕೋವಿಗೆ ತುಂಬುವ ತೋಟೆ) ಎಂಬುದರ ಮೇಲೆ ನಿಂತಿದೆ.

ಪಾಯಿಂಟ್ 22 ರೈಫಲ್ಲಿಗೆ ಸಾಮಾನ್ಯವಾಗಿ 50 ಮೀಟರ್ ಇಡುತ್ತಾರೆ. ಸುಲಿದ ಕಾಯಿ 11 ಸೆಂಟಿಮೀಟರ್. ಗುರಿಕಡ್ಡಿಗಳ ಅಂತರ 55 ಸೆಂಟಿಮೀಟರ್ ಇರುವ ರೈಫಲ್ಲಿನಲ್ಲಿ 1 ಮಿಲಿಮೀಟರ್ ತಪ್ಪು 50 ಮೀಟರಿನಲ್ಲಿ 9 ಸೆಂಟಿಮೀಟರ್ ಆಗುತ್ತದೆ, ಕಾಯಿ ಪೂರ್ತಿ ತಪ್ಪಿತು. ಮೇಲೆ ಬಲೂನಿಗೆ ಹೇಳಿದ 1 ಸೆಂಟಿಮೀಟರಿನ ಜೊತೆ ಹೋಲಿಸಿ. ಇಲ್ಲಿ ಗೆಲ್ಲುವವನು ತನ್ನ ಕೋವಿಯನ್ನು ಬಲ್ಲವನೇ. ಎಲ್ಲರಿಗೂ ಸಮಿತಿಯದೇ ಒಂದು ರೈಫಲ್ ಅಂತ ಮಾಡಿದರೆ ಪ್ರತಿಯೊಬ್ಬರಿಗೂ ಕನಿಷ್ಠ ಎರಡು ಪರೀಕ್ಷಾ ಗುಂಡು ಕೊಡಬೇಕು. ಕೊಡದಿದ್ದರೆ ಅದು ಬಲೂನು ಅಂಗಡಿಯೇ, ದುಬಾರಿ ಬಲೂನು ಅಂಗಡಿ.

12 ಬೋರ್ ಬೇರೆ ಕತೆ. ದೂರ 30 ಮೀಟರ್ ಇಟ್ಟರೆ, ಚೋಕ್ (ನಳಿಕೆಯ ತುದಿ ಕಿರಿದು ಮಾಡಿದ್ದು) ಇಲ್ಲದ ನಳಿಕೆಯ ಚರೆ (ತೋಟೆಯೊಳಗಿನ ಸೀಸದ ಕಾಳು) ಅಲ್ಲಿಗೆ ಮುಟ್ಟುವಾಗ ಸುಮಾರು 1 ಮೀಟರ್ ಅಗಲಕ್ಕೆ ಹರಡಿರುತ್ತದೆ. ಆ ವೃತ್ತದಲ್ಲಿ 11 ಸೆಂಟಿಮೀಟರಿನ ಕಾಯಿ ಶೇ 1.2 ಜಾಗ ತುಂಬುತ್ತದೆ. ನಂಬರ್ 4 ತೋಟೆಯಲ್ಲಿ ಸುಮಾರು 180 ಚರೆ; ಸಮನಾಗಿ ಹರಡಿದರೆ ಅದರಲ್ಲಿ ಎರಡು ಚರೆ ಕಾಯಿಗೆ ಬೀಳುತ್ತವೆ. ಎಲ್‌ಜಿ ತೋಟೆಯಲ್ಲಿ ಆರೋ ಏಳೋ ದೊಡ್ಡ ಚರೆ. ಗುರಿ ಎಷ್ಟೇ ಸರಿ ಇರಲಿ, ಒಂದಾದರೂ ತಾಗುವ ಸಾಧ್ಯತೆ ಹತ್ತಕ್ಕೆ ಒಂದೂ ಇಲ್ಲ. ಚೋಕ್ ಇರುವ ನಳಿಕೆಯಲ್ಲಿ ವೃತ್ತ ಚಿಕ್ಕದಾಗಿ ಲೆಕ್ಕ ಸುಧಾರಿಸುತ್ತದೆ. ಹಾಗಾಗಿ ಒಬ್ಬ ನಂಬರ್ 4, ಇನ್ನೊಬ್ಬ ಎಲ್‌ಜಿ ಹಾಕಿ ಬಂದರೆ ಅವರಿಬ್ಬರು ಆಡುತ್ತಿರುವುದು ಒಂದೇ ಆಟವಲ್ಲ. ತೋಟೆ ಸಮಿತಿಯೇ ಕೊಡಬೇಕು, ಒಂದೇ ಡಬ್ಬಿಯದು. ಹಾಗೆಯೇ ‘ತಾಗಿದರೆ ಸಾಕೋ, ತೂತಾಗಬೇಕೋ’ ಅಂತ ಮೊದಲೇ ಬರೆದು ಅಂಟಿಸಿ. ನಂಬರ್ 4 ಚರೆ ಚಿಪ್ಪಿನ ಮೇಲೆ ಬರೀ ಕಲೆ ಮಾಡಿ ನಿಲ್ಲಬಹುದು, ಜಗಳ ಶುರುವಾಗುವುದು ಅಲ್ಲೇ.

ಕಾಯಿಯ ತಯಾರಿ: ಸಿಪ್ಪೆ ಪೂರ್ತಿ ಸುಲಿಯಿರಿ, ಜುಟ್ಟು ಮಾತ್ರ ಬಿಡಿ. ನಾರು ಇದ್ದರೆ ಸಣ್ಣ ಗುಂಡು ಹೊಕ್ಕ ಗುರುತು ಮುಚ್ಚಿಹೋಗುತ್ತದೆ. ಅಲ್ಲಾಡಿಸಿ ನೀರಿನ ಸದ್ದು ಕೇಳುವ ಕಾಯಿಯನ್ನೇ ಆರಿಸಿ. ಪಾಯಿಂಟ್ 22 ಗುಂಡು 2.6 ಗ್ರಾಂ ಅಷ್ಟೇ. ಕಾಯಿ ಸಿಡಿಯದೆ ಬರೀ ತೂತಾಗುವುದುಂಟು. ಆಗ ತೀರ್ಪುಗಾರ ಹತ್ತಿರ ಹೋಗಿ ಕೈ ಇಟ್ಟು ನೋಡುವುದು ನೀರು ಜಿನುಗಿತೇ ಎಂದು. ಒಣಗಿ ಕೊಬ್ಬರಿಯಾದ ಕಾಯಿಯಲ್ಲಿ ಆ ಸಾಕ್ಷಿ ಸಿಗುವುದಿಲ್ಲ. ದಾರಕ್ಕೆ ನೇತುಹಾಕಬೇಡಿ, ಗಾಳಿಗೆ ತೂಗುತ್ತದೆ. ಬರೀ ಕಂಬದ ಮೇಲೆ ಕೂರಿಸಿದರೆ ಕೆಳಗೆ ಬಿದ್ದ ಗುಂಡಿನ ಮಣ್ಣು ಸಿಡಿದು ಉರುಳಿ ‘ಬಿತ್ತು, ಬಿತ್ತು’ ಅನ್ನುವ ಗಲಾಟೆ. ಕಂಬದ ತುದಿಗೆ ಕಬ್ಬಿಣದ ಬಳೆ ಬೇಡ, ಹಗ್ಗದ ಸಿಂಬಿ ಮಾಡಿ ಕೂರಿಸಿ.

ಹಿಂದೆ ಕಲ್ಲಿಲ್ಲದ ಮಣ್ಣಿನ ದಿಬ್ಬ ಇರಲೇಬೇಕು. ಹಳೆಯ ರೂಢಿಯಂತೆ ಮರದ ತುದಿಗೆ ಕಾಯಿ ಕಟ್ಟಿ ಮೇಲಕ್ಕೆ ಹೊಡೆಯುವುದು ರೈಫಲ್ಲಿಗೆ ಸಲ್ಲ. ತಪ್ಪಿದ ಪಾಯಿಂಟ್ 22 ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಕೊಡಗಿನಲ್ಲಿ ಅಷ್ಟು ದೂರದಲ್ಲಿ ಯಾರದಾದರೂ ಲೈನ್‌ಮನೆಯೋ ಕಾಫಿ ಕಣವೋ ಇರದ ದಿಕ್ಕೇ ಕಡಿಮೆ.

ಅಧಿಕಾರದ ಮಾತು ಬಂದದ್ದಕ್ಕೆ: ಇಲ್ಲಿ ಎಲ್ಲರಿಗಿಂತ ಮೇಲಿನವನು ಬಹುಮಾನ ಕೊಡುವ ಅತಿಥಿಯಲ್ಲ, ಗೆರೆಯ ಪಕ್ಕ ನಿಂತು ‘ನಿಲ್ಲಿಸಿ’ ಅನ್ನುವವನು. ಅವನು ಹೇಳುವವರೆಗೆ ತೋಟೆ ತುಂಬುವಂತಿಲ್ಲ; ಗೆರೆಯಿಂದ ಹಿಂದೆ ಬರುವಾಗ ಕೋವಿ ಮುರಿದಿರಬೇಕು, ಬೋಲ್ಟ್ ತೆರೆದಿರಬೇಕು. ಗುಂಡು ಹಾರದಿದ್ದರೆ ನಳಿಕೆ ದಿಬ್ಬದ ಕಡೆಗೇ ಇಟ್ಟು 30 ಸೆಕೆಂಡ್ ಕಾಯಬೇಕು. ತಡವಾಗಿ ಹಾರುವ ಮದ್ದು ಇರುತ್ತದೆ, ‘ಯಾಕೆ ಹಾರಲಿಲ್ಲ’ ಅಂತ ಜನರ ಕಡೆ ತಿರುಗುವವರೂ ಇರುತ್ತಾರೆ. ಒಕ್ಕದ (ಕೊಡವ ಮನೆತನದ) ಹಿರಿಯರಾದರೂ ಸರಿ, ಆ ಗೆರೆಯಲ್ಲಿ ಅವನ ಮಾತು ಕೇಳಬೇಕು. ಕೇಳದ ಕಡೆ ಸ್ಪರ್ಧೆ ಇಡಬೇಡಿ.

ಮಂದ್‌ಪಕ್ಕ

ಧನ್ಯವಾದ. ಒಂದು ಅನುಮಾನ ಉಳಿಯಿತು. ಬಲೂನು ಅಂಗಡಿಯಲ್ಲಿ ಎಲ್ಲರೂ ಸಮ, ಮಂದ್‌ನಲ್ಲಿ ಹಳೆಯ ಹಕ್ಕು ಅಂತ ಚರ್ಚೆಯಲ್ಲಿ ಹೇಳಬಹುದಾ?

ಕನ್ನಿಕೊಂಬರೆ

ಹಾಗೆ ಎರಡಾಗಿ ಸೀಳಬೇಡಿ. ಬಲೂನು ಅಂಗಡಿಯವನನ್ನು ಇಲ್ಲಿ ಎಲ್ಲರೂ ಯಜಮಾನ ಅಂದರು. ಅವನು ಜಾಗದ ಹರಾಜು ಹಿಡಿದವನಿಗೆ ಬಾಡಿಗೆ ಕಟ್ಟಬೇಕು, ಕರೆಂಟಿಗೆ ಬೇರೆ ಕೊಡಬೇಕು, ಮಳೆ ಬಂದರೆ ಆ ದಿನ ಹೋಯಿತು. ‘ಹತ್ತಕ್ಕೆ ಹತ್ತು’ ಬೋರ್ಡಿನ ಹಿಂದೆ ಆ ಬಾಡಿಗೆಯೂ ಇದೆ. ಮೈದಾನದಲ್ಲಿ ಅಧಿಕಾರ ಒಂದೇ ಮೆಟ್ಟಿಲಲ್ಲ.

ಕೈಲ್ ಪೊಳ್ದ್‌ನಲ್ಲೂ ‘ಹಕ್ಕು’ ಎಂಬ ಒಂದೇ ಮಾತು ಸಾಲದು. ನಾಟಿಯ ಕೆಲಸದ ದಿನಗಳಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿ ಕನ್ನಿಕೊಂಬರೆಯಲ್ಲಿ (ಮನೆಯ ದೇವರ ಕೋಣೆ) ಇರಬೇಕು, ಮುಟ್ಟುವಂತಿಲ್ಲ. ನಾಟಿ ಮುಗಿದ ಮೇಲೆ ಹೊರಗೆ ತಂದು, ನಳಿಕೆಯ ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ, ದೀಪದ ಮುಂದೆ ಇಟ್ಟು, ಆಮೇಲೆ ಕೈಗೆ. ಅಂದರೆ ಕೋವಿ ಇದ್ದವನೂ ಗದ್ದೆಯ ಕೆಲಸ ಮುಗಿಯುವವರೆಗೆ ಕೋವಿ ಇಲ್ಲದವನೇ. ಮೊದಲು ಅಲ್ಲಿಂದ ಮುಂದಿನ ದಾರಿ ಬೇಟೆಗೆ. 1972ರ ವನ್ಯಜೀವಿ ಕಾಯ್ದೆಯ ನಂತರ ಆ ದಾರಿ ಮುಚ್ಚಿತು, ಗುರಿಗೆ ಉಳಿದದ್ದು ತೆಂಗಿನಕಾಯಿ.

ಚರ್ಚೆಗೆ ವಸ್ತು ಬೇಕಿದ್ದರೆ ವೇದಿಕೆಗೆ ಎರಡು ತೆಗೆದುಕೊಂಡು ಹೋಗಿ: 12 ಸೆಂಟಿಮೀಟರಿನ ಒಂದು ಬಳೆ, 8 ಸೆಂಟಿಮೀಟರಿನ ಒಂದು ಮರದ ತುಂಡು. ಮುಂದಿನ ಸಾಲಿನಲ್ಲಿ ಕೂತ ಅತಿಥಿಗಳಿಗೇ ಮೊದಲು ಎಸೆಯಲು ಕೊಡಿ. ತುಂಡಿನ ಮೂಲೆ ಅವರ ಕಡೆ ತಿರುಗಿರಲಿ.